ಹೆಂಗಸರ ಕೌಂಟರ್ ಮುಚ್ಚಿದ ವರ್ಷ: ಒಂದು ತಾಲ್ಲೂಕು ಟಾಕೀಸಿನ ಪ್ರಕರಣ ಅಧ್ಯಯನ

ಚಿತ್ರ ಹಂಚಿಕೆದಾರರ ಬಾಯಲ್ಲಿ ಬಿ.ಕೆ.ಟಿ. ಎಂದು ಕರೆಸಿಕೊಳ್ಳುವ ಬೆಂಗಳೂರು, ಕೋಲಾರ, ತುಮಕೂರು ವಲಯದ ಒಂದು ತಾಲ್ಲೂಕು ಕೇಂದ್ರದಲ್ಲಿ ನಡೆಯುತ್ತಿದ್ದ ಟಾಕೀಸಿನ ಪ್ರಕರಣ ಇದು. ಊರಿನ ಹೆಸರಾಗಲಿ, ಟಾಕೀಸಿನ ಹೆಸರಾಗಲಿ, ಮಾಲೀಕರ ಮನೆತನದ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರಗಳನ್ನು ಬೇಕೆಂದೇ ಮಸುಕು ಮಾಡಿದ್ದೇನೆ. ನನ್ನ ತಂದೆಯವರು ಅಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಲೆಕ್ಕ ಬರೆದವರು. ಪ್ರತಿದಿನದ ಗಳಿಕೆಯನ್ನು ಹಂಚಿಕೆದಾರರಿಗೆ ತಿಳಿಸುವ ಡಿ.ಸಿ.ಆರ್. ಹಾಳೆಗಳ ಕಾರ್ಬನ್ ಪ್ರತಿಗಳು ಅವರ ಕಬ್ಬಿಣದ ಟ್ರಂಕಿನಲ್ಲಿ ಉಳಿದಿದ್ದವು. ಅವರು ತೀರಿಕೊಂಡ ಮೇಲೆ ಆ ಹಾಳೆಗಳನ್ನು ವರ್ಷವಾರು ಜೋಡಿಸುತ್ತ ಹೋದಾಗ, ಊರಿನಲ್ಲಿ ಎಲ್ಲರೂ ಹೇಳುವ ಕಥೆಗೂ ಹಾಳೆಗಳು ಹೇಳುವ ಕಥೆಗೂ ಹೊಂದಿಕೆಯಿಲ್ಲ ಎಂಬುದು ಗಮನಕ್ಕೆ ಬಂತು.

ಊರಿನ ಕಥೆ ಸರಳವಾಗಿದೆ. ಟಿ.ವಿ. ಬಂತು, ಆಮೇಲೆ ಕೇಬಲ್ ಬಂತು, ಆಮೇಲೆ ಮೊಬೈಲ್ ಬಂತು, ಟಾಕೀಸು ಮುಚ್ಚಿತು. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಟಿ.ವಿ. ಎಲ್ಲ ಊರುಗಳಿಗೂ ಬಂತು, ಎಲ್ಲ ಟಾಕೀಸುಗಳೂ ಒಂದೇ ವೇಗದಲ್ಲಿ ಸೊರಗಲಿಲ್ಲ. ಈ ಟಾಕೀಸು ಯಾವ ಯಾವ ಘಟ್ಟದಲ್ಲಿ ಯಾವ ತೀರ್ಮಾನ ಮಾಡಿತು, ಆ ತೀರ್ಮಾನ ಯಾರನ್ನು ಬಾಗಿಲಿನಿಂದ ಹೊರಗಿಟ್ಟಿತು ಎಂಬುದನ್ನು ಹಿಡಿದು ನೋಡುವುದು ಈ ಬರಹದ ಉದ್ದೇಶ.

ಹಿನ್ನೆಲೆ

ಊರಿಗೆ ಸಿನಿಮಾ ಬಂದದ್ದು ಟೆಂಟಿನ ರೂಪದಲ್ಲಿ. ಕನ್ನಡದ ಮೊದಲ ವಾಕ್ಚಿತ್ರ 1934ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿದ್ದರೂ ನಮ್ಮ ಕಡೆಯ ಊರುಗಳು ಸಿನಿಮಾವನ್ನು ಕಂಡದ್ದು ಸುಗ್ಗಿ ಮುಗಿದ ಮೇಲೆ ಬಂದು ಮಳೆಗಾಲಕ್ಕೆ ಮುಂಚೆ ಗಂಟುಮೂಟೆ ಕಟ್ಟುತ್ತಿದ್ದ ಟೂರಿಂಗ್ ಟಾಕೀಸುಗಳಲ್ಲಿ. ನೆಲ, ಬೆಂಚು, ಕುರ್ಚಿ ಎಂದು ಮೂರು ದರ್ಜೆ. ಪ್ರೊಜೆಕ್ಟರ್ ಒಂದೇ ಇರುತ್ತಿದ್ದುದರಿಂದ ರೀಲು ಬದಲಿಸುವಾಗಲೆಲ್ಲ ದೀಪ ಹತ್ತುತ್ತಿತ್ತು, ಹೀಗಾಗಿ ಒಂದು ಚಿತ್ರಕ್ಕೆ ಮೂರು ನಾಲ್ಕು ಇಂಟರ್ವಲ್. ಕಂಬಕ್ಕೆ ಕಟ್ಟಿದ ಲೌಡ್‌ಸ್ಪೀಕರಿನಲ್ಲಿ ಘಂಟಸಾಲ ಹಾಡಿದ ವೆಂಕಟೇಶನ ಸ್ತುತಿ ಕೇಳಿಬಂದರೆ ಆಟ ಶುರುವಾಗಲು ಇನ್ನು ಹತ್ತು ನಿಮಿಷವಿದೆ ಎಂದು ಸುತ್ತಲಿನ ಹಳ್ಳಿಯವರು ಕೈತೊಳೆದು ಹೊರಡುತ್ತಿದ್ದರಂತೆ.

ಎಣ್ಣೆ ಮಿಲ್ಲಿನ ಯಜಮಾನರೊಬ್ಬರು ಇಂಥದೊಂದು ಟೆಂಟನ್ನು ಕೊಂಡು ಕೆಲವು ವರ್ಷ ನಡೆಸಿ, ಅದರಲ್ಲಿ ಕೈ ಕುದುರಿದ ಮೇಲೆ 1970ರ ದಶಕದ ಆರಂಭದಲ್ಲಿ ಬಸ್ ನಿಲ್ದಾಣದ ಹಿಂಬದಿಯ ತಮ್ಮದೇ ಜಾಗದಲ್ಲಿ ಪಕ್ಕಾ ಕಟ್ಟಡ ಕಟ್ಟಿದರು. ಸುಮಾರು ಏಳುನೂರು ಆಸನಗಳು, ಎರಡು ಪ್ರೊಜೆಕ್ಟರುಗಳು, ಮುಂದೆ ಗಾಂಧಿಕ್ಲಾಸು, ಹಿಂದೆ ಸೆಕೆಂಡ್ ಕ್ಲಾಸು, ಮೇಲೆ ಪುಟ್ಟದೊಂದು ಬಾಲ್ಕನಿ. 1964ರ ಸಿನಿಮಾ ನಿಯಂತ್ರಣ ಕಾಯ್ದೆಯ ಪ್ರಕಾರ ಬಾಗಿಲುಗಳ ಸಂಖ್ಯೆ, ಹೊರಹೋಗುವ ದಾರಿ, ವಿದ್ಯುತ್ ವ್ಯವಸ್ಥೆ, ಶೌಚಾಲಯ ಎಲ್ಲದಕ್ಕೂ ಒಬ್ಬೊಬ್ಬ ಅಧಿಕಾರಿಯ ಸಹಿ ಬೇಕಿತ್ತು, ಲೈಸೆನ್ಸು ಜಿಲ್ಲಾಧಿಕಾರಿಗಳ ಕಚೇರಿಯಿಂದ ಬರಬೇಕಿತ್ತು. ಆ ಓಡಾಟದ ಕಥೆಯೇ ಒಂದು ಪುಸ್ತಕವಾದೀತು, ಇಲ್ಲಿ ಅದು ಬೇಡ.

ಇಲ್ಲಿ ಬೇಕಾದದ್ದು ಕಟ್ಟಡದ ನಕ್ಷೆಯಲ್ಲಿದ್ದ ಒಂದು ಸಂಗತಿ. ಸೆಕೆಂಡ್ ಕ್ಲಾಸಿನ ಎಡಭಾಗದ ಮೂರನೇ ಒಂದು ಪಾಲನ್ನು ಎದೆಮಟ್ಟದ ಗೋಡೆಯಿಂದ ಬೇರೆ ಮಾಡಿ ಹೆಂಗಸರಿಗೆ ಬಿಡಲಾಗಿತ್ತು. ಆ ಭಾಗದ ಬಾಗಿಲು ಮುಖ್ಯರಸ್ತೆಗೆ ತೆರೆಯದೆ ಪಕ್ಕದ ಓಣಿಗೆ ತೆರೆಯುತ್ತಿತ್ತು. ಓಣಿಯಲ್ಲೇ ಅವರದೇ ಟಿಕೆಟ್ ಕೌಂಟರ್, ಅದರ ಪಕ್ಕದಲ್ಲಿ ನಲ್ಲಿ ಇದ್ದ ಅವರದೇ ಶೌಚಾಲಯ. ಟೆಂಟಿನ ಕಾಲದಲ್ಲೂ ಹೆಂಗಸರ ಕಡೆ ಎಂದು ಒಂದು ಹಗ್ಗ ಕಟ್ಟುವ ವಾಡಿಕೆ ಎಲ್ಲ ಕಡೆ ಇತ್ತಾದರೂ, ಅದಕ್ಕೇ ಪ್ರತ್ಯೇಕ ಓಣಿ, ಕೌಂಟರ್ ಬೇಕೆಂದು ಹಠ ಹಿಡಿದವರು ಯಜಮಾನರ ಹೆಂಡತಿ ಎಂದು ನನ್ನ ತಂದೆ ಹೇಳುತ್ತಿದ್ದರು. ಗಂಡಸರ ಕ್ಯೂ ಹೇಗಿರುತ್ತಿತ್ತೆಂಬುದನ್ನು ಬಲ್ಲವರಿಗೆ ಆ ಹಠದ ಅರ್ಥ ಆಗುತ್ತದೆ. ಹೊಸ ಚಿತ್ರದ ಮೊದಲ ದಿನ ಕಬ್ಬಿಣದ ಕಂಬಿಗಳ ನಡುವಿನ ಆ ಇಕ್ಕಟ್ಟಿನಲ್ಲಿ ಒಬ್ಬರ ಹೆಗಲ ಮೇಲೆ ಒಬ್ಬರು ಹತ್ತಿ ಹೋಗುತ್ತಿದ್ದರು, ಅಂಗಿಯ ಗುಂಡಿ ಉಳಿಸಿಕೊಂಡು ಹೊರಬಂದವನೇ ಜಾಣ.

ಹೆಂಗಸರ ಕೌಂಟರಿನಲ್ಲಿ ಕೂರುತ್ತಿದ್ದವರು ಊರಿನವರೇ ಆದ ಒಬ್ಬ ವಿಧವೆ. ಎಲ್ಲರೂ ಅವರನ್ನು ಟಿಕೆಟ್ ಅಕ್ಕ ಎನ್ನುತ್ತಿದ್ದರು. ಅವರ ಕೆಲಸ ಟಿಕೆಟ್ ಹರಿದು ಕೊಡುವುದು ಮಾತ್ರವಾಗಿರಲಿಲ್ಲ ಎಂಬುದು ಆಗ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ಶುಕ್ರವಾರದ ಮೊದಲ ಆಟವನ್ನು ಅವರು ಬಾಗಿಲ ಬಳಿ ನಿಂತು ನೋಡಿಬಿಡುತ್ತಿದ್ದರು. ಮಾರನೆಯ ದಿನ ನೀರಿನ ನಲ್ಲಿಯ ಹತ್ತಿರವೋ ಸಂತೆಯಲ್ಲೋ ಸಿಕ್ಕ ಹೆಂಗಸರು "ಹೆಂಗೈತಕ್ಕ ಪಿಚ್ಚರು?" ಎಂದರೆ, "ಅಳೋ ಪಿಚ್ಚರು, ಸೆರಗು ಒದ್ದೆ ಆಗ್ತದೆ, ಅತ್ತೇನೂ ಕರ್ಕೊಂಡ್ ಬಾ" ಎಂದೋ, "ಬರೀ ಹೊಡೆದಾಟ, ಮಕ್ಕಳು ಬೆಚ್ಚಿಬೀಳ್ತವೆ, ಮುಂದಿನ ವಾರ ಬಾ" ಎಂದೋ ಹೇಳುತ್ತಿದ್ದರು. ಚಿಲ್ಲರೆ ಕಡಿಮೆ ಬಿದ್ದರೆ ಸೋಮವಾರ ಕೊಡು ಎನ್ನುತ್ತಿದ್ದರು, ಆ ಸಾಲದ ಚೀಟಿಗಳು ಈಗಲೂ ಟ್ರಂಕಿನಲ್ಲಿವೆ. ಆಟ ಮುಗಿದ ಮೇಲೆ ಹೊರಹಳ್ಳಿಯ ಹುಡುಗಿಯರು ಬಸ್ಸು ಹತ್ತುವವರೆಗೆ ಓಣಿಯ ದೀಪ ಆರಿಸುತ್ತಿರಲಿಲ್ಲ.

ಡಿ.ಸಿ.ಆರ್. ಹಾಳೆಯಲ್ಲಿ ದರ್ಜೆಗೊಂದು ಸಾಲು. ಪ್ರತಿ ಆಟಕ್ಕೂ ಟಿಕೆಟ್ಟಿನ ಆರಂಭದ ಸಂಖ್ಯೆ, ಕೊನೆಯ ಸಂಖ್ಯೆ, ಮಾರಾಟವಾದದ್ದು, ದರ, ತೆರಿಗೆ, ನಿವ್ವಳ. ಈ ಟಾಕೀಸಿನ ಹಾಳೆಗಳಲ್ಲಿ "ಹೆಂಗಸರು" ಎಂಬ ಪ್ರತ್ಯೇಕ ಸಾಲನ್ನು ಅಚ್ಚು ಹಾಕಿಸಲಾಗಿತ್ತು. 1970ರ ದಶಕದ ಕೊನೆಯ ಹಾಳೆಗಳಲ್ಲಿ ಒಟ್ಟು ಟಿಕೆಟ್ಟುಗಳ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಈ ಸಾಲಿನಲ್ಲೇ ಇದೆ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದು. ಗಾಂಧಿಕ್ಲಾಸಿನ ಸಂಖ್ಯೆ ಮೊದಲ ಮೂರು ದಿನ ಏರಿ ಆಮೇಲೆ ಜಾರುತ್ತದೆ, ಹೆಂಗಸರ ಸಂಖ್ಯೆ ನಾಲ್ಕನೆಯ ದಿನದಿಂದ ಏರತೊಡಗಿ ಎರಡನೆಯ ವಾರದಲ್ಲಿ ತುದಿ ಮುಟ್ಟುತ್ತದೆ. ಒಂದು ಚಿತ್ರ ಈ ಊರಿನಲ್ಲಿ ಎರಡನೆಯ, ಮೂರನೆಯ ವಾರಕ್ಕೆ ಹೋಗುತ್ತಿದ್ದುದು ಹೆಂಗಸರಿಂದ. ಮೊದಲ ವಾರದ ಪಾಲಿನ ದೊಡ್ಡ ತುಂಡನ್ನು ಹಂಚಿಕೆದಾರ ಒಯ್ಯುವ ವ್ಯವಹಾರದಲ್ಲಿ, ಟಾಕೀಸಿನ ಮಾಲೀಕನಿಗೆ ನಿಜವಾಗಿ ಉಳಿಯುತ್ತಿದ್ದುದು ಆ ಮುಂದಿನ ವಾರಗಳ ಹಣವೇ.

ಸಮಸ್ಯೆ ಮತ್ತು ಮೊದಲ ತೀರ್ಮಾನ

1980ರ ದಶಕದ ನಡುವಿನಲ್ಲಿ ಯಜಮಾನರು ತೀರಿಕೊಂಡರು. ಮೂವರು ಗಂಡುಮಕ್ಕಳಲ್ಲಿ ಹಿರಿಯರು ಟಾಕೀಸನ್ನು ನೋಡಿಕೊಳ್ಳತೊಡಗಿದರು, ಎರಡನೆಯವರಿಗೆ ಮಿಲ್ಲು, ಮೂರನೆಯವರು ಬೆಂಗಳೂರಿನಲ್ಲಿ ನೌಕರಿಗೆ ಸೇರಿದರು. ಆಸ್ತಿ ಮಾತ್ರ ಜಂಟಿಯಾಗಿಯೇ ಉಳಿಯಿತು. ಅದೇ ಹೊತ್ತಿಗೆ ಊರಿನಲ್ಲಿ ಎರಡು ವಿಡಿಯೋ ಪಾರ್ಲರುಗಳು ತೆರೆದವು, ಕೆಲವು ಮನೆಗಳ ಮೇಲೆ ಆಂಟೆನಾ ಎದ್ದಿತು, 1987ರ ಜನವರಿಯಿಂದ ಭಾನುವಾರ ಬೆಳಗ್ಗೆ ದೂರದರ್ಶನದಲ್ಲಿ ರಾಮಾಯಣ ಶುರುವಾಯಿತು. ಟಿ.ವಿ. ಇದ್ದ ಮನೆಯ ಪಡಸಾಲೆಯಲ್ಲಿ ಭಾನುವಾರ ಬೆಳಗ್ಗೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಟಾಕೀಸಿನ ಭಾನುವಾರದ ಮಾರ್ನಿಂಗ್ ಶೋ ಬಹುತೇಕ ಖಾಲಿ ಹೊಡೆಯಿತು.

ಹಿರಿಯ ಮಗ ಗಾಬರಿಯಾದದ್ದು ಸಹಜ. ಪ್ರೊಜೆಕ್ಟರಿನ ಬೆಳಕಿಗೆ ಉರಿಸುವ ಕಾರ್ಬನ್ ಕಡ್ಡಿಗಳ ಬೆಲೆ ಏರುತ್ತಿತ್ತು, ವಿದ್ಯುತ್ ಶುಲ್ಕ ಏರುತ್ತಿತ್ತು. ಖರ್ಚು ಎಲ್ಲಿ ಕಡಿಮೆ ಮಾಡಬಹುದೆಂದು ಕೂತು ಲೆಕ್ಕ ಹಾಕಿ 1988ರಲ್ಲಿ ಅವರು ಮಾಡಿದ ತೀರ್ಮಾನ ಇದು: ಓಣಿಯ ಕೌಂಟರನ್ನು ಮುಚ್ಚುವುದು, ಟಿಕೆಟ್ ಅಕ್ಕನನ್ನೂ ಓಣಿಯ ಬಾಗಿಲ ಕಾವಲಿನವರನ್ನೂ ಬಿಡಿಸುವುದು, ಎದೆಮಟ್ಟದ ಗೋಡೆಯನ್ನು ಒಡೆದು ಸೆಕೆಂಡ್ ಕ್ಲಾಸನ್ನು ಒಂದೇ ಮಾಡುವುದು. ಗೋಡೆ ಹೋದರೆ ಇನ್ನೂ ಮೂವತ್ತು ಕುರ್ಚಿ ಹಾಕಬಹುದು ಎಂಬುದು ಇನ್ನೊಂದು ಲಾಭವಾಗಿ ಕಂಡಿತ್ತು. ಹೆಂಗಸರೂ ಇನ್ನು ಮೇಲೆ ಮುಂಬಾಗಿಲಿನಿಂದಲೇ, ಅದೇ ಕೌಂಟರಿನಲ್ಲಿ ಟಿಕೆಟ್ ಪಡೆದು ಬರಲಿ, ಕಾಲ ಬದಲಾಗಿದೆ ಎಂಬುದು ಅವರ ಮಾತು. ಕೇಳಲು ಪ್ರಗತಿಪರವಾಗಿಯೇ ಇದ್ದ ಈ ಮಾತನ್ನು ನನ್ನ ತಂದೆಯೂ ಆಗ ಒಪ್ಪಿದ್ದರು. ಲೆಕ್ಕ ಬರೆಯುವವನ ಕಣ್ಣಿಗೆ ಎರಡು ಸಂಬಳ ಉಳಿದದ್ದು ಕಾಣುತ್ತದೆ, ಬಾರದೆ ಹೋದ ಟಿಕೆಟ್ಟು ಕಾಣುವುದಿಲ್ಲ.

ಹಾಳೆಗಳನ್ನು ಈಗ ಮುಂದಿಟ್ಟುಕೊಂಡು ನೋಡಿದರೆ ತಪ್ಪು ಎಲ್ಲಿ ನಡೆಯಿತೆಂಬುದು ಸ್ಪಷ್ಟವಾಗುತ್ತದೆ. 1987 ಮತ್ತು 1988ರ ಮೊದಲರ್ಧದಲ್ಲಿ ಕುಸಿದದ್ದು ಭಾನುವಾರ ಬೆಳಗಿನ ಆಟ ಮಾತ್ರ. ವಾರದ ದಿನಗಳ ಮ್ಯಾಟಿನಿಯಲ್ಲಿ ಹೆಂಗಸರ ಸಾಲು ಹೆಚ್ಚುಕಡಿಮೆ ಮೊದಲಿನಂತೆಯೇ ಇತ್ತು, ಕುಗ್ಗಿದ್ದು ರಾತ್ರಿಯ ಸೆಕೆಂಡ್ ಶೋದ ಗಾಂಧಿಕ್ಲಾಸು, ಅಂದರೆ ವಿಡಿಯೋ ಪಾರ್ಲರಿಗೆ ಹೋಗುತ್ತಿದ್ದ ಗಂಡುಹುಡುಗರ ಸಂಖ್ಯೆ. ನಷ್ಟ ಗಂಡಸರ ಕಡೆಯಿಂದ ಬರುತ್ತಿತ್ತು, ಕತ್ತರಿ ಬಿದ್ದದ್ದು ಹೆಂಗಸರ ಕಡೆಗೆ. ಧಾರಾವಾಹಿ 1988ರ ಜುಲೈ ಕೊನೆಗೆ ಮುಗಿದಾಗ ಭಾನುವಾರದ ಆಟ ಸ್ವಲ್ಪ ಚೇತರಿಸಿಕೊಳ್ಳಬಹುದಿತ್ತು, ಅಷ್ಟರಲ್ಲಿ ಕೌಂಟರ್ ಮುಚ್ಚಿಯಾಗಿತ್ತು, ಅಕ್ಟೋಬರಿನಲ್ಲಿ ಮಹಾಭಾರತವೂ ಶುರುವಾಯಿತು.

ಮುಂದಿನ ಒಂದು ವರ್ಷದಲ್ಲಿ ಏನಾಯಿತೆಂಬುದಕ್ಕೆ ನೇರವಾದ ಅಂಕಿ ಇಲ್ಲ, ಏಕೆಂದರೆ ಹೆಂಗಸರ ಟಿಕೆಟ್ಟನ್ನು ಬೇರೆಯಾಗಿ ಎಣಿಸುವುದೇ ನಿಂತಿತು. ಅಚ್ಚಾಗಿದ್ದ ಹಾಳೆಗಳು ಇನ್ನೂ ಕಟ್ಟುಗಟ್ಟಲೆ ಉಳಿದಿದ್ದರಿಂದ ಆ ಸಾಲಿನ ಮೇಲೆ ನನ್ನ ತಂದೆ ದಿನವೂ ಅಡಿಕೋಲಿಟ್ಟು ಒಂದು ಗೆರೆ ಎಳೆಯುತ್ತಿದ್ದರು. ಆದರೆ ಪರೋಕ್ಷವಾಗಿ ತಿಳಿಯುತ್ತದೆ. ಮ್ಯಾಟಿನಿಯ ಸೆಕೆಂಡ್ ಕ್ಲಾಸ್ ಒಂದೂವರೆ ವರ್ಷದಲ್ಲಿ ಅರ್ಧಕ್ಕಿಳಿಯಿತು, ಎರಡನೆಯ ವಾರಕ್ಕೆ ಹೋಗುವ ಚಿತ್ರಗಳು ಅಪರೂಪವಾದವು. ಮ್ಯಾಟಿನಿಯಿಂದ ಮ್ಯಾಟಿನಿಗೆ ಕಡಲೆಕಾಯಿ, ಚಕ್ಕುಲಿ ಮಾರಿಕೊಂಡಿದ್ದ ಹೆಂಗಸೊಬ್ಬರು ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಬುಟ್ಟಿ ಬದಲಿಸಿದ್ದು ನನಗೇ ನೆನಪಿದೆ. ಮಾರುಕಟ್ಟೆಯ ಸಮೀಕ್ಷೆ ಬೇಕೆನ್ನುವವರಿಗೆ ಅದಕ್ಕಿಂತ ಒಳ್ಳೆಯದು ಸಿಗಲಾರದು.

ಮಾಡಿದ ಪ್ರಯತ್ನಗಳು

ಮ್ಯಾಟಿನಿ ಖಾಲಿಯಾದಾಗ ಆ ನಷ್ಟವನ್ನು ತುಂಬಿಸಲು ಹಿರಿಯ ಮಗ ಹಿಡಿದ ದಾರಿ ಆ ಕಾಲದಲ್ಲಿ ಅನೇಕ ಟಾಕೀಸುಗಳು ಹಿಡಿದದ್ದೇ. ಹೊಸ ಕನ್ನಡ ಚಿತ್ರದ ಪ್ರಿಂಟು ಬೆಂಗಳೂರು, ಆಮೇಲೆ ಜಿಲ್ಲಾ ಕೇಂದ್ರ ಮುಗಿಸಿಕೊಂಡು ತಾಲ್ಲೂಕಿಗೆ ಬರುವಷ್ಟರಲ್ಲಿ ತಿಂಗಳುಗಳಾಗುತ್ತಿದ್ದವು. ಬರುವ ಹೊತ್ತಿಗೆ ಗೀಚು ಬಿದ್ದು, ಅಂಟಿಸಿ ಅಂಟಿಸಿ ಹಾಡೊಂದರ ಚರಣವೇ ಮಾಯವಾಗಿರುತ್ತಿತ್ತು. ಅದಕ್ಕೆ ಬದಲಾಗಿ ನಿಗದಿತ ಬಾಡಿಗೆಗೆ ಅಗ್ಗವಾಗಿ ಸಿಗುತ್ತಿದ್ದ, ವಯಸ್ಕರಿಗೆ ಮಾತ್ರ ಎಂಬ ಪ್ರಮಾಣಪತ್ರದ ಪರಭಾಷೆಯ ಚಿತ್ರಗಳನ್ನು ಬೆಳಗಿನ ಆಟಕ್ಕೆ ಹಾಕತೊಡಗಿದರು. ಖರ್ಚು ಕಡಿಮೆ, ಹಂಚಿಕೆದಾರನೊಂದಿಗೆ ಪಾಲಿನ ತಂಟೆಯಿಲ್ಲ, ಮಧ್ಯಾಹ್ನದ ಹೊತ್ತಿಗೆ ಕೈಗೆ ಹಣ. ಮೊದಲ ಎರಡು ವರ್ಷ ಇದು ಟಾಕೀಸನ್ನು ನಿಜಕ್ಕೂ ಉಳಿಸಿತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಬೆಳಗಿನ ಆಟದ ಪೋಸ್ಟರು ಬೆಳಗ್ಗೆ ಮಾತ್ರ ಗೋಡೆಯ ಮೇಲಿರುವುದಿಲ್ಲ. ಬಾಲಿಕಾ ಪ್ರೌಢಶಾಲೆಗೆ ಹೋಗುವ ದಾರಿಯಲ್ಲೇ ಟಾಕೀಸಿನ ಕಾಂಪೌಂಡು ಇತ್ತು. ಹೆಣ್ಣುಮಕ್ಕಳು ಆ ಬದಿಯ ಪಾದಚಾರಿ ಹಾದಿಯನ್ನು ಬಿಟ್ಟು ಎದುರುಬದಿಗೆ ದಾಟಿ ಹೋಗತೊಡಗಿದರು. ಹೆಂಗಸರಿಗೆ ಮೊದಲು ಇಲ್ಲವಾದದ್ದು ಕೌಂಟರ್, ಈಗ ಆ ಜಾಗದ ಮರ್ಯಾದೆಯೂ ಹೋಯಿತು. ಹಬ್ಬದ ದಿನ ಒಳ್ಳೆಯ ಸಾಂಸಾರಿಕ ಚಿತ್ರ ಹಾಕಿದರೂ "ಆ ಟಾಕೀಸಿಗಾ?" ಎಂದು ಮನೆಯಲ್ಲಿ ಹುಬ್ಬು ಏರುತ್ತಿತ್ತು. 1994ರಲ್ಲಿ ಉದಯ ಟಿ.ವಿ. ಆರಂಭವಾಗಿ ದಿನಕ್ಕೊಂದು ಕನ್ನಡ ಚಿತ್ರ ಮನೆಯಲ್ಲೇ ಸಿಗುವಂತಾದಾಗ, ಈ ಊರಿನ ಹೆಂಗಸರು ಟಾಕೀಸನ್ನು ಬಿಟ್ಟು ಟಿ.ವಿ.ಗೆ ಹೋದರು ಎನ್ನುವುದು ಸರಿಯಾಗದು. ಟಾಕೀಸು ಅವರನ್ನು ಆರು ವರ್ಷ ಮೊದಲೇ ಬಿಟ್ಟಿತ್ತು, ಟಿ.ವಿ. ಬಂದು ಅವರನ್ನು ಕರೆದುಕೊಂಡಿತು ಅಷ್ಟೆ.

ಇದಕ್ಕೆ ಹೋಲಿಕೆಯಾಗಿ ಪಕ್ಕದ ತಾಲ್ಲೂಕಿನ ಟಾಕೀಸೊಂದನ್ನು ಇಟ್ಟು ನೋಡಬಹುದು. ಅದೂ ಅದೇ ವಲಯ, ಅದೇ ಚಿತ್ರಗಳು. ಎಷ್ಟೋ ಸಲ ಪ್ರಿಂಟೂ ಒಂದೇ. ಇಲ್ಲಿ ಮೊದಲ ರೀಲುಗಳು ಮುಗಿದೊಡನೆ ಹುಡುಗನೊಬ್ಬ ಡಬ್ಬಗಳನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ಅಲ್ಲಿಗೆ ಓಡುತ್ತಿದ್ದ, ಅಲ್ಲಿ ಆಟ ಒಂದು ಗಂಟೆ ತಡವಾಗಿ ಶುರುವಾಗುತ್ತಿತ್ತು. ಆ ಟಾಕೀಸಿನವರು ಹೆಂಗಸರ ಕೌಂಟರನ್ನು ಮುಚ್ಚಲಿಲ್ಲ, ಬೆಳಗಿನ ಆಟಕ್ಕೆ ಅಂಥ ಚಿತ್ರಗಳನ್ನೂ ಹಾಕಲಿಲ್ಲ. 1990ರ ದಶಕವಿಡೀ ಅಲ್ಲಿ ಸಾಂಸಾರಿಕ ಚಿತ್ರಗಳು ಮೂರನೆಯ ವಾರಕ್ಕೆ ಹೋಗುತ್ತಿದ್ದವು, ಇಲ್ಲಿ ಅವೇ ಚಿತ್ರಗಳನ್ನು ಏಳನೆಯ ದಿನಕ್ಕೆ ಎತ್ತುತ್ತಿದ್ದರು. ಒಂದೇ ಹೋಲಿಕೆಯಿಂದ ಎಲ್ಲವೂ ಸಿದ್ಧವಾಗುವುದಿಲ್ಲ, ಆ ಊರು ಸ್ವಲ್ಪ ದೊಡ್ಡದು ಎಂಬ ಮಾತೂ ಇದೆ. ಆದರೂ ಟಿ.ವಿ.ಯೊಂದನ್ನೇ ಕಾರಣವಾಗಿ ತೋರಿಸುವವರು ಈ ವ್ಯತ್ಯಾಸಕ್ಕೆ ಉತ್ತರ ಕೊಡಬೇಕಾಗುತ್ತದೆ.

ಗುತ್ತಿಗೆಯ ಹನ್ನೊಂದು ತಿಂಗಳು

2000ನೇ ವರ್ಷ ಕರ್ನಾಟಕದ ಚಿತ್ರಮಂದಿರಗಳಿಗೆ ಮರೆಯಲಾಗದ ವರ್ಷ. ಜುಲೈ 30ರಂದು ಡಾ. ರಾಜ್‌ಕುಮಾರ್ ಅಪಹರಣವಾಗಿ ನವೆಂಬರ್ 15ಕ್ಕೆ ಬಿಡುಗಡೆಯಾಗುವವರೆಗಿನ 108 ದಿನಗಳಲ್ಲಿ ಟಾಕೀಸುಗಳು ಬಹಳ ಕಾಲ ಬಾಗಿಲು ಹಾಕಿದ್ದವು. ಮೊದಲೇ ಉಸಿರು ಹಿಡಿದುಕೊಂಡಿದ್ದ ನಮ್ಮ ಟಾಕೀಸು ಆ ತಿಂಗಳುಗಳಲ್ಲಿ ಸಂಬಳ ಕೊಡಲಾಗದೆ ಸಾಲಕ್ಕೆ ಬಿತ್ತು. ಅದಾದ ಮೇಲೆ ಮೂವರು ಅಣ್ಣತಮ್ಮಂದಿರು ಕೂತು ಟಾಕೀಸನ್ನು ತಾವು ನಡೆಸುವುದು ಬೇಡ, ಗುತ್ತಿಗೆಗೆ ಕೊಡೋಣ ಎಂದು ತೀರ್ಮಾನಿಸಿದರು. ಈ ಪ್ರಕರಣದ ಎರಡನೆಯ ತಿರುವು ಇದು. ಗುತ್ತಿಗೆಯ ಅವಧಿ ಹನ್ನೊಂದು ತಿಂಗಳು ಮಾತ್ರ, ಪ್ರತಿ ಸಲ ಹೊಸ ಕರಾರು. ನೋಂದಣಿಯ ರಗಳೆ ತಪ್ಪುತ್ತದೆ ಎಂಬುದು ಹೊರಗೆ ಹೇಳುತ್ತಿದ್ದ ಕಾರಣ, ಒಳಗಿನ ಕಾರಣ ಬೇರೆ. ಬಸ್ ನಿಲ್ದಾಣದ ಹಿಂಬದಿಯ ಆ ನಿವೇಶನಕ್ಕೆ ಬೆಲೆ ಏರುತ್ತಿತ್ತು, ಒಳ್ಳೆಯ ಗಿರಾಕಿ ಬಂದರೆ ಮಾರಿಬಿಡಬೇಕೆಂಬ ಯೋಚನೆ ಬೆಂಗಳೂರಿನ ತಮ್ಮನಿಗಿತ್ತು, ಹಿರಿಯರಿಗೆ ಅಪ್ಪನ ಕಟ್ಟಡ ಮಾರಲು ಮನಸ್ಸಿರಲಿಲ್ಲ. ಒಮ್ಮತವಿಲ್ಲದ ಕಡೆ ಹನ್ನೊಂದು ತಿಂಗಳ ಕರಾರು ಎಲ್ಲರಿಗೂ ಅನುಕೂಲ, ಕಟ್ಟಡಕ್ಕೊಂದನ್ನು ಬಿಟ್ಟು.

ಹನ್ನೊಂದು ತಿಂಗಳಿಗೆ ಬಂದವನು ಸುಣ್ಣ ಬಳಿಸುವುದಿಲ್ಲ. ಐದಾರು ಗುತ್ತಿಗೆದಾರರು ಬಂದು ಹೋದರು. ಮುರಿದ ಕುರ್ಚಿಗಳನ್ನು ಸರಿಮಾಡುವ ಬದಲು ಹಿಂದಿನ ಸಾಲಿನ ಕುರ್ಚಿ ಕಿತ್ತು ಮುಂದಕ್ಕೆ ಹಾಕಿದರು. ಫ್ಯಾನುಗಳು ಒಂದೊಂದಾಗಿ ನಿಂತವು. ಓಣಿಯ ಶೌಚಾಲಯದ ನೀರಿನ ಸಂಪರ್ಕ ತಪ್ಪಿಹೋಗಿ ಅಲ್ಲಿ ಹಳೆಯ ಪೋಸ್ಟರಿನ ಕಟ್ಟುಗಳನ್ನು ತುಂಬಿದರು.

ಆ ಗುತ್ತಿಗೆದಾರರಲ್ಲಿ ಒಬ್ಬರ ವಿಷಯವನ್ನು ಮಾತ್ರ ವಿವರವಾಗಿ ಹೇಳಬೇಕು. ಪ್ರಾಯದವರು, ಬೆಂಗಳೂರಿನ ಗಾಂಧಿನಗರದಲ್ಲಿ ಹಂಚಿಕೆದಾರರೊಬ್ಬರ ಕಚೇರಿಯಲ್ಲಿ ರೆಪ್ರೆಸೆಂಟೇಟಿವ್ ಆಗಿ ದುಡಿದವರು. ಚಿತ್ರದ ಪೆಟ್ಟಿಗೆಯೊಂದಿಗೆ ಊರೂರು ತಿರುಗಿ ಟಿಕೆಟ್ಟಿನ ಲೆಕ್ಕ ತಪಾಸಣೆ ಮಾಡುವ ಆ ಕೆಲಸದಲ್ಲಿ ನೂರಾರು ಟಾಕೀಸು ಕಂಡವರು. ಬಂದ ಮೊದಲ ವಾರದಲ್ಲೇ ಅವರು ನನ್ನ ತಂದೆಯ ಹತ್ತಿರ ಹಳೆಯ ಹಾಳೆಗಳನ್ನು ಕೇಳಿ ಪಡೆದರು. ಗೆರೆ ಎಳೆದ ಸಾಲಿನ ಮೇಲೆ ಬೆರಳಿಟ್ಟು "ಇದೇನು ಸಾರ್?" ಎಂದು ಕೇಳಿದವರು ಅವರೊಬ್ಬರೇ.

ಅವರು ಮಾಡಿದ್ದು ದೊಡ್ಡ ಖರ್ಚಿನ ಕೆಲಸವೇನಲ್ಲ. ಬೆಳಗಿನ ಆಟವನ್ನೇ ನಿಲ್ಲಿಸಿದರು. ಓಣಿಯನ್ನು ಗುಡಿಸಿ, ಒಂದು ದೀಪ ಹಾಕಿಸಿ, ಕೌಂಟರನ್ನು ತೆರೆದು, ಅಷ್ಟು ಹೊತ್ತಿಗೆ ವಯಸ್ಸಾಗಿದ್ದ ಟಿಕೆಟ್ ಅಕ್ಕನನ್ನೇ ಹೋಗಿ ಕರೆತಂದರು. ನೀರಿಗೆ ದಿನಕ್ಕೆ ನಾಲ್ಕು ಬಿಂದಿಗೆ ತಂದಿಡಲು ಆಳು ಗೊತ್ತುಮಾಡಿದರು. ಮೊದಲ ಎರಡು ತಿಂಗಳು ಏನೂ ಬದಲಾಗಲಿಲ್ಲ, ಹೋದ ಹೆಸರು ಹಾಗೆ ಸುಲಭಕ್ಕೆ ತಿರುಗಿ ಬರುವುದಿಲ್ಲ. ಮೂರನೆಯ ತಿಂಗಳಲ್ಲಿ ಅಣ್ಣತಂಗಿಯರ ಕಥೆಯ ಚಿತ್ರವೊಂದು ಬಂತು. ಅಕ್ಕ ಶನಿವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿ ಬಂದರು. ನಾಲ್ಕನೆಯ ದಿನದ ಮ್ಯಾಟಿನಿಗೆ ಓಣಿಯಲ್ಲಿ ಹದಿನಾಲ್ಕು ವರ್ಷಗಳ ಮೇಲೆ ಸಾಲು ನಿಂತಿತು. ಆ ಚಿತ್ರ ನಾಲ್ಕು ವಾರ ಓಡಿತು, ಟ್ರಂಕಿನ ಹಾಳೆಗಳಲ್ಲಿ ಹೆಂಗಸರ ಸಾಲು ಮತ್ತೆ ಅಂಕಿಗಳಿಂದ ತುಂಬಿದೆ, ನನ್ನ ತಂದೆಯ ಕೈಬರಹ ಅಲ್ಲಿ ಯಾಕೋ ಸ್ವಲ್ಪ ದೊಡ್ಡದಾಗಿದೆ.

ಗುತ್ತಿಗೆದಾರರು ಅವಧಿ ಮುಗಿಯುವ ಮುನ್ನವೇ ಮಾಲೀಕರ ಮುಂದೆ ಒಂದು ಪ್ರಸ್ತಾಪ ಇಟ್ಟರು. ಐದು ವರ್ಷದ ಕರಾರು ಕೊಟ್ಟರೆ ಶೌಚಾಲಯ ಕಟ್ಟಿಸುತ್ತೇನೆ, ಕುರ್ಚಿ ಬದಲಿಸುತ್ತೇನೆ, ಕಾರ್ಬನ್ ತೆಗೆದು ಜೆನಾನ್ ದೀಪ ಹಾಕಿಸುತ್ತೇನೆ, ಖರ್ಚು ನನ್ನದೇ ಎಂದರು. ಹಿರಿಯರು ಒಪ್ಪಿದರು, ಎರಡನೆಯವರು ನೋಡೋಣ ಎಂದರು, ಮೂರನೆಯವರು ಐದು ವರ್ಷ ಜಾಗ ಕಟ್ಟಿಹಾಕಲಾಗದು ಎಂದು ಸಹಿ ಹಾಕಲಿಲ್ಲ. ಜಂಟಿ ಆಸ್ತಿಯಲ್ಲಿ ಒಂದು ಸಹಿ ಇಲ್ಲದಿದ್ದರೆ ಎರಡು ಸಹಿಗೂ ಬೆಲೆಯಿಲ್ಲ. ಮುಂದಿನ ಹನ್ನೊಂದು ತಿಂಗಳಿಗೆ ಬಾಡಿಗೆ ಏರಿಸಿ ಕೇಳಿದ್ದರಿಂದ ಅವರು ಬಿಟ್ಟು ಹೋದರು. ಅವರ ನಂತರ ಬಂದವರು ಮೊದಲು ಮಾಡಿದ ಕೆಲಸವೆಂದರೆ ಓಣಿಯ ಕೌಂಟರನ್ನು ಸೈಕಲ್ ಸ್ಟ್ಯಾಂಡಿನವನಿಗೆ ಕೊಟ್ಟದ್ದು.

ಆ ಒಂದು ಅವಕಾಶ ಕೈತಪ್ಪಿದ್ದೇ ಇಡೀ ಪ್ರಕರಣದ ನಿರ್ಣಾಯಕ ಘಳಿಗೆ ಎಂದು ನನ್ನ ಅಭಿಪ್ರಾಯ. 1988ರ ತಪ್ಪು ಗೊತ್ತಿಲ್ಲದೆ ಆದದ್ದು. ಈ ಸಲ ಮಾತ್ರ ಪುರಾವೆ ಕಣ್ಣೆದುರಿಗಿತ್ತು, ತೀರ್ಮಾನ ಮಾಡುವ ಅಧಿಕಾರ ಮೂರು ಕಡೆ ಹಂಚಿಹೋಗಿತ್ತು.

ಕೊನೆಯ ದಶಕ

ಉಳಿದದ್ದನ್ನು ಬೇಗ ಹೇಳಬಹುದು. 2012ರ ಸುಮಾರಿಗೆ ರೀಲಿನ ಪೆಟ್ಟಿಗೆಗಳು ಬರುವುದು ನಿಲ್ಲುತ್ತ ಬಂತು. ನಿಮಿಷಕ್ಕೆ 90 ಅಡಿಯಂತೆ ಓಡುವ ಫಿಲ್ಮನ್ನು ಕಣ್ಣಿಟ್ಟು ಕಾಯುತ್ತ, ತೆರೆಯ ಬಲತುದಿಯಲ್ಲಿ ಚುಕ್ಕಿ ಮಿಂಚಿದೊಡನೆ ಎರಡನೆಯ ಪ್ರೊಜೆಕ್ಟರಿಗೆ ಹಾಯಿಸುತ್ತಿದ್ದ ಆಪರೇಟರಿಗೆ ಮಾಡಲು ಕೆಲಸವಿಲ್ಲದಾಯಿತು. ಡಿಜಿಟಲ್ ಪ್ರೊಜೆಕ್ಟರನ್ನು ಸೇವಾ ಕಂಪನಿಯಿಂದ ಬಾಡಿಗೆಗೆ ತರಲಾಯಿತು. ಇದಕ್ಕೆ ಮೂವರೂ ಒಂದೇ ವಾರದಲ್ಲಿ ಸಹಿ ಹಾಕಿದರು ಎಂಬುದನ್ನು ಗಮನಿಸಬೇಕು. ಯಂತ್ರಕ್ಕೆ ಒಪ್ಪಿಗೆ ಸಿಕ್ಕಿತು, ನಲ್ಲಿಗೆ ಸಿಗಲಿಲ್ಲ. ಇದರಿಂದ ಲಾಭವೂ ಆಯಿತು, ಹೊಸ ಚಿತ್ರ ಬೆಂಗಳೂರಿನಲ್ಲಿ ಬಿಡುಗಡೆಯಾದ ದಿನವೇ ಇಲ್ಲೂ ತೆರೆ ಕಾಣತೊಡಗಿತು. ಆದರೆ ಎಲ್ಲ ಕಡೆ ಒಂದೇ ದಿನ ಬಿಡುಗಡೆಯಾದ ಚಿತ್ರ ಎಲ್ಲ ಕಡೆ ಒಂದೇ ವಾರದಲ್ಲಿ ಮುಗಿಯುತ್ತದೆ. ನಾಲ್ಕನೆಯ ದಿನ ಯೋಚಿಸಿ, ಎರಡನೆಯ ವಾರ ಹೊರಡುವ ಪ್ರೇಕ್ಷಕರು ಈ ಲೆಕ್ಕದಲ್ಲಿ ಇಲ್ಲವೇ ಇಲ್ಲ.

2017ರ ಜುಲೈ 1ರಿಂದ ಜಿ.ಎಸ್.ಟಿ. ಬಂದಾಗ ಕನ್ನಡ ಚಿತ್ರಗಳಿಗೆ ರಾಜ್ಯದಲ್ಲಿ ಇದ್ದ ಮನರಂಜನಾ ತೆರಿಗೆಯ ವಿನಾಯಿತಿ ಹೋಯಿತು. ನೂರು ರೂಪಾಯಿಯೊಳಗಿನ ಟಿಕೆಟ್ಟಿಗೂ ಶೇಕಡಾ 18 ತೆರಿಗೆ ಬಿತ್ತು, 2019ರ ಜನವರಿಯಲ್ಲಿ ಅದು ಶೇಕಡಾ 12ಕ್ಕೆ ಇಳಿಯಿತು. ಮಲ್ಟಿಪ್ಲೆಕ್ಸಿನವರಿಗೆ ಇದು ದೊಡ್ಡದಲ್ಲ, ಐವತ್ತು ರೂಪಾಯಿಯ ಟಿಕೆಟ್ಟು ಮಾರುವವರಿಗೆ ದೊಡ್ಡದು. 2020ರ ಮಾರ್ಚ್ 14ರಿಂದ ಕೋವಿಡ್ ಕಾರಣಕ್ಕೆ ರಾಜ್ಯದ ಚಿತ್ರಮಂದಿರಗಳು ಮುಚ್ಚಿದವು. ಮತ್ತೆ ತೆರೆದದ್ದು, ಅರ್ಧ ಆಸನಗಳ ನಿಯಮ, ಎರಡನೆಯ ಅಲೆಯಲ್ಲಿ ಮತ್ತೆ ಮುಚ್ಚಿದ್ದು, 2021ರ ಅಕ್ಟೋಬರ್ 1ರಿಂದ ಪೂರ್ತಿ ಆಸನಗಳಿಗೆ ಅವಕಾಶ ಸಿಕ್ಕಿದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಮೈಸೂರಿನಂಥ ನಗರದಲ್ಲೇ ಹೆಸರಾಂತ ಶಾಂತಲಾ ಚಿತ್ರಮಂದಿರ 2020ರಲ್ಲಿ ಶಾಶ್ವತವಾಗಿ ಮುಚ್ಚಿತು. ಪಕ್ಕದ ತಾಲ್ಲೂಕಿನ ನಾನು ಹೇಳಿದ ಟಾಕೀಸು ಕೂಡ ಆ ಹೊಡೆತದಿಂದ ಮೇಲೇಳಲಿಲ್ಲ. ಹೆಂಗಸರ ಕೌಂಟರ್ ಇಟ್ಟುಕೊಂಡಿದ್ದರೆ ನಮ್ಮದು ಇಂದಿಗೂ ನಡೆಯುತ್ತಿತ್ತು ಎಂದು ಆದ್ದರಿಂದ ನಾನು ಹೇಳಲಾರೆ. ಇಪ್ಪತ್ತೈದು ವರ್ಷ ಮೊದಲೇ ಸೊರಗಬೇಕಾಗಿರಲಿಲ್ಲ, ಅಷ್ಟು ವರ್ಷದ ಗಳಿಕೆಯಿದ್ದಿದ್ದರೆ ಆ ಹೊಡೆತವನ್ನು ಬೇರೆ ರೀತಿ ಎದುರಿಸಬಹುದಿತ್ತು ಎಂದಷ್ಟೇ ಹೇಳಬಲ್ಲೆ.

ಟಾಕೀಸು, ಕಲ್ಯಾಣ ಮಂಟಪ, ಅಂಗಡಿ ಸಾಲು ಹೀಗೆ ಜಂಟಿ ಒಡೆತನದ ಯಾವ ಕಟ್ಟಡವನ್ನು ನಡೆಸುವವರಿಗೂ ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ಎರಡಿದೆ. ಖರ್ಚು ಕಡಿಮೆ ಮಾಡುವಾಗ ನಷ್ಟ ಯಾವ ಸಾಲಿನಿಂದ ಬರುತ್ತಿದೆ ಎಂಬುದನ್ನು ತಮ್ಮದೇ ಹಾಳೆಯಲ್ಲಿ ನೋಡಬೇಕಿತ್ತು. ಅದಕ್ಕೆ ಹೊರಗಿನ ಪರಿಣತರು ಬೇಕಿರಲಿಲ್ಲ, ಅಂಕಿಗಳು ದಿನವೂ ಕೈಯಲ್ಲೇ ಇದ್ದವು. ಹೆಂಗಸರನ್ನು ಬೇರೆಯಾಗಿ ಎಣಿಸುವುದನ್ನು ನಿಲ್ಲಿಸಿದ ಮೇಲೆ, ಅವರು ಬರುತ್ತಿಲ್ಲ ಎಂಬುದನ್ನು ತಿಳಿಯುವ ದಾರಿಯೂ ಮುಚ್ಚಿತು. ಇನ್ನೊಂದು, ಮಾರುವುದೋ ನಡೆಸುವುದೋ ಎಂಬುದನ್ನು ಅಣ್ಣತಮ್ಮಂದಿರು 2001ರಲ್ಲೇ ಮುಖಾಮುಖಿ ಕೂತು ಬಗೆಹರಿಸಿಕೊಂಡಿದ್ದರೆ ಮಾರಿದರೂ ಒಳ್ಳೆಯ ಬೆಲೆ ಬರುತ್ತಿತ್ತು, ನಡೆಸಿದರೂ ಒಳ್ಳೆಯ ಗುತ್ತಿಗೆದಾರ ಉಳಿಯುತ್ತಿದ್ದರು. ಹನ್ನೊಂದು ತಿಂಗಳ ಕರಾರಿನ ನೆಪದಲ್ಲಿ ಆ ಮಾತನ್ನು ಇಪ್ಪತ್ತು ವರ್ಷ ಮುಂದೂಡಿದರು.

ಆ ಟಾಕೀಸಿನ ಕೊನೆಯ ಹೌಸ್‌ಫುಲ್ ಆಟ 2022ರ ಮಾರ್ಚ್ 17ರದು. ಹಿಂದಿನ ಅಕ್ಟೋಬರಿನಲ್ಲಿ ತೀರಿಕೊಂಡಿದ್ದ ಪುನೀತ್ ರಾಜ್‌ಕುಮಾರ್ ನಾಯಕರಾಗಿ ನಟಿಸಿದ ಕೊನೆಯ ಕಥಾಚಿತ್ರ ಅವರ ಹುಟ್ಟುಹಬ್ಬದ ಆ ದಿನ ರಾಜ್ಯದೆಲ್ಲೆಡೆ ತೆರೆಕಂಡಿತು. ವರ್ಷಗಳಿಂದ ಟಾಕೀಸಿನ ಕಡೆ ಬಾರದ ಹೆಂಗಸರು ಅವತ್ತು ಬಂದರು. ಅಜ್ಜಿಯರು, ಸೊಸೆಯರು, ಕಂಕುಳಲ್ಲಿ ಕೂಸುಗಳು. ಮುಂಬಾಗಿಲಲ್ಲಿ ಗಂಡಸರ ನೂಕುನುಗ್ಗಲು ಇದ್ದುದರಿಂದ ಹಿರಿಯ ಹೆಂಗಸರು ಕೆಲವರು ಹಳೆಯ ಅಭ್ಯಾಸದಿಂದ ಓಣಿಯ ಕಡೆ ತಿರುಗಿದರು. ಅಲ್ಲಿ ಕೌಂಟರಿದ್ದ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಇತ್ತು. ಇಂಟರ್ವಲ್ಲಿನಲ್ಲಿ ಶೌಚಾಲಯಕ್ಕೆಂದು ಎದ್ದವರಿಗೆ ಬೀಗ ಹಾಕಿದ ಬಾಗಿಲು ಕಂಡಿತು, ಹತ್ತಿರದ ಮನೆಯವರು ತಮ್ಮ ಹಿತ್ತಲ ಬಾಗಿಲು ತೆರೆದುಕೊಟ್ಟರು. ಎರಡನೆಯ ದಿನ ಆ ಹೆಂಗಸರು ಬರಲಿಲ್ಲ, ಹತ್ತನೆಯ ದಿನ ಚಿತ್ರವೂ ಹೋಯಿತು. ಅದೇ ವರ್ಷ ಲೈಸೆನ್ಸು ನವೀಕರಣವಾಗದೆ ನಿಂತಿತು. ನಿವೇಶನದ ಪಾಲಿನ ದಾವೆ ಈಗ ಮೂವರ ಮಕ್ಕಳ ನಡುವೆ ನಡೆಯುತ್ತಿದೆ.

ಆ ದಿನದ ಹಾಳೆಯನ್ನು ಟಾಕೀಸಿನ ಕೊನೆಯ ಮ್ಯಾನೇಜರು ನನಗೆ ಕೊಟ್ಟರು. ಹಳೆಯ ಅಚ್ಚಿನ ಕಟ್ಟುಗಳೇ ಅಲ್ಲಿಯವರೆಗೂ ಬಂದಿದ್ದವು, ಹೆಂಗಸರ ಸಾಲು ಅದರಲ್ಲಿ ಇನ್ನೂ ಇದೆ. ಲೆಕ್ಕ ಬರೆದ ಹುಡುಗನಿಗೆ ಅದೇನೆಂದು ತಿಳಿದಿರಲಿಲ್ಲ. ಆ ಸಾಲಿನಲ್ಲಿ ಅಂಕಿಯೂ ಇಲ್ಲ, ಗೆರೆಯೂ ಇಲ್ಲ.